ಮೊದಲ ಕ್ಯಾಮರಾ ಕೊಳ್ಳುವ ಮುನ್ನ



ಸಂಘದ ಕಾರ್ಯಕ್ರಮಗಳಲ್ಲಿ ನೀವು ನನ್ನನ್ನು ಕೇಳುವ ಪ್ರಶ್ನೆಗಳು ಈಚೆಗೆ ಬದಲಾಗಿವೆ. ಮೊದಲೆಲ್ಲ ಕಾಲೇಜು, ಕೋರ್ಸು, ನೌಕರಿ ಎನ್ನುತ್ತಿದ್ದಿರಿ. ಈಗ ಒಬ್ಬರಲ್ಲ ಒಬ್ಬರು, "ಆಂಟೀ, ಒಂದು ಡಿಎಸ್‌ಎಲ್‌ಆರ್ ಕ್ಯಾಮರಾ ಕೊಳ್ಳಬೇಕು. ಬಜೆಟ್ ಜಾಸ್ತಿ ಇಲ್ಲ. ಯಾವುದು ತೆಗೆದುಕೊಳ್ಳಲಿ?" ಎಂದು ಕೇಳುತ್ತೀರಿ. ನಮ್ಮ ಮನೆಯಲ್ಲಿ ಕ್ಯಾಮರಾ ಹಿಡಿಯುವುದು ನಾನೇ ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ. ನಾನು ಬಿ.ಎ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಭೌತಶಾಸ್ತ್ರವಲ್ಲ. ಆದರೆ ಮೂವತ್ತು ವರ್ಷ ಮನೆ ನಡೆಸಿದವರಿಗೆ ಒಂದು ವಸ್ತುವಿಗೆ ಎಷ್ಟು ಕೊಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಗೊತ್ತಿರುತ್ತದೆ. ಹಾಗಾಗಿ ಈ ಸಲದ ಪುಟ ನಿಮ್ಮ ಕ್ಯಾಮರಾಕ್ಕೆ ಮೀಸಲು.

"ಯಾವ ಕಂಪನಿಯದು?" ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, "ಯಾರ ಚಿತ್ರ ತೆಗೆಯಬೇಕು?" ಎಂಬುದು. ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ಕ್ಯಾಮರಾ ತಾನಾಗಿಯೇ ಗೊತ್ತಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಉತ್ತರವಿಲ್ಲದೆ ಅಂಗಡಿಗೆ ಹೋದರೆ ನಿಮ್ಮ ಪರವಾಗಿ ಅಂಗಡಿಯವನು ಉತ್ತರಿಸುತ್ತಾನೆ. ಅವನ ಉತ್ತರ ಯಾವಾಗಲೂ ದುಬಾರಿ.

ಕೈಯಲ್ಲಿರುವ ಮೊಬೈಲು ಸಾಲದೆ ಎಂದು ನಿಮ್ಮ ಅಮ್ಮ ಕೇಳುತ್ತಾರೆ. ಕೇಳಬೇಕಾದ ಮಾತೇ ಅದು. ಹಗಲು ಬೆಳಕಿನಲ್ಲಿ, ನಿಂತಿರುವ ವಸ್ತುವನ್ನು ತೆಗೆದು ಗೆಳೆಯರಿಗೆ ಕಳಿಸಲು ಮೊಬೈಲು ಧಾರಾಳವಾಗಿ ಸಾಕು. ಅಷ್ಟಕ್ಕೇ ಆದರೆ ಒಂದು ಪೈಸೆಯೂ ಖರ್ಚು ಮಾಡಬೇಡಿ. ಆದರೆ ಮೊಬೈಲಿನಲ್ಲಿ ನಿರ್ಧಾರಗಳೆಲ್ಲ ಅದರದೇ. ನೆರಳನ್ನು ಬೆಳಗುವುದು, ಮುಖವನ್ನು ನುಣುಪು ಮಾಡುವುದು, ಹಿನ್ನೆಲೆಯನ್ನು ಮಸುಕಾಗಿಸುವುದು, ಎಲ್ಲವನ್ನೂ ಒಳಗಿನ ಲೆಕ್ಕಾಚಾರವೇ ಮಾಡಿ ಮುಗಿಸುತ್ತದೆ. ಅಜ್ಜಿಯ ಮುಖದ ಸುಕ್ಕು ಅದಕ್ಕೆ ಒಂದು ದೋಷ. ಬೆಳಕು ಎಲ್ಲಿಂದ ಬಂತು, ಎಷ್ಟು ಬಂತು, ಅದನ್ನು ಎಷ್ಟು ಹೊತ್ತು ಒಳಗೆ ಬಿಡಬೇಕು ಎಂಬುದನ್ನು ನಿಮ್ಮ ಕೈಯಿಂದಲೇ ಕಲಿಯಬೇಕು ಎನಿಸಿದರೆ ಮಾತ್ರ ಬೇರೆ ಕ್ಯಾಮರಾ ಬೇಕು.

ಡಿಎಸ್‌ಎಲ್‌ಆರ್ ಎಂಬುದರ ಒಳಗುಟ್ಟು ಸರಳ. ಲೆನ್ಸಿನಿಂದ ಬಂದ ಬೆಳಕನ್ನು ಒಂದು ಪುಟ್ಟ ಕನ್ನಡಿ ಮೇಲಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಎದ್ದು ದಾರಿ ಬಿಡುತ್ತದೆ, ಬೆಳಕು ಹಿಂದಿರುವ ಸೆನ್ಸರಿನ ಮೇಲೆ ಬೀಳುತ್ತದೆ. ನೀವು ಕೇಳುವ ಆ 'ಟಪ್' ಸದ್ದು ಕನ್ನಡಿ ಮತ್ತು ಶಟರಿನದು. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸೆನ್ಸರು ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ, ಅಂದರೆ ಒಂದು ಅಂಚೆಚೀಟಿಯಷ್ಟು. ಮೊಬೈಲಿನದು ಕಿರುಬೆರಳಿನ ಉಗುರಿನಷ್ಟು. ಅಂಗಳ ದೊಡ್ಡದಿದ್ದರೆ ಬಿಸಿಲು ಹೆಚ್ಚು ಬೀಳುತ್ತದೆ ತಾನೆ? ಇಲ್ಲಿಯೂ ಅದೇ ಲೆಕ್ಕ.

ಈಗ ಒಂದು ಕಹಿ ಸತ್ಯ, ಅದರ ಜೊತೆಗೇ ಒಂದು ಸಿಹಿ ಸುದ್ದಿ. ಡಿಎಸ್‌ಎಲ್‌ಆರ್‌ನ ಕಾಲ ಮುಗಿಯುತ್ತ ಬಂದಿದೆ. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಕ್ಯಾಮರಾದ ಮೇಲೆ ಕಟ್ಟಿದ ಯಂತ್ರದಿಂದ ಇದರ ವ್ಯಾಪಾರ ಶುರುವಾಯಿತು. 2003ರಲ್ಲಿ ಕ್ಯಾನನ್ 300ಡಿ ಬಂದ ಮೇಲೆ ಮಧ್ಯಮ ವರ್ಗದವರೂ ಇದರತ್ತ ನೋಡುವಂತಾಯಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕನ್ನಡಿಯಿಲ್ಲದ, ಮಿರರ್‌ಲೆಸ್ ಎನ್ನುವ ಹೊಸ ಸರಣಿಗಳನ್ನು ತಂದವು. 2020ರಲ್ಲಿ ಬಂದ ಕ್ಯಾನನ್ 850ಡಿ, ನಿಕಾನ್ ಡಿ780, ಡಿ6 ಮೊದಲಾದವುಗಳ ನಂತರ ಈ ಎರಡು ಕಂಪನಿಗಳು ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ತಂದಿಲ್ಲ. ವೃತ್ತಿಯವರು ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ. ಅವರ ಬೀರುಗಳಿಂದ ಹಳೆಯ ಕ್ಯಾಮರಾಗಳೂ ಲೆನ್ಸುಗಳೂ ಹೊರಗೆ ಬರುತ್ತಿವೆ. ಸಿಹಿ ಸುದ್ದಿ ಇದೇ. ಹೊಸದಾಗಿದ್ದಾಗ ನಮ್ಮಂಥವರು ದೂರದಿಂದ ನೋಡಿ ಬಂದ ವಸ್ತು ಇಂದು ಸೆಕೆಂಡ್ ಹ್ಯಾಂಡಿನಲ್ಲಿ ವಿದ್ಯಾರ್ಥಿಯ ಕೈಗೆಟುಕುತ್ತಿದೆ. ಹೊಸ ಮಾದರಿ ಬಾರದಿದ್ದರೇನಾಯಿತು? ಬೆಳಕು ಹಳೆಯದಾಗುವುದಿಲ್ಲ, ಅದರ ಪಾಠವೂ ಹಳೆಯದಾಗುವುದಿಲ್ಲ.

ಹಣದ ಮಾತಿಗೆ ಬರೋಣ. ನಿಮ್ಮ ಬಳಿ 30,000 ರೂಪಾಯಿ ಇದೆಯೆಂದುಕೊಳ್ಳಿ. ನಿಮ್ಮಲ್ಲಿ ಹೆಚ್ಚಿನವರು ಅಷ್ಟನ್ನೂ ಹೊಸ ಬಾಡಿಗೇ ಸುರಿದು, ಸಾಲದ್ದಕ್ಕೆ ಕಂತಿನ ಸಾಲವನ್ನೂ ಎತ್ತಲು ತಯಾರಾಗುತ್ತೀರಿ. ಬೇಡ. ನನ್ನ ಲೆಕ್ಕ ಹೀಗೆ: ಹಳೆಯ ಬಾಡಿ ಮತ್ತು ಅದರ ಜೊತೆಯ 18-55 ಲೆನ್ಸಿಗೆ 15,000. ಬೆಳಕು ಹೆಚ್ಚು ಒಳಗೆ ಬಿಡುವ ಇನ್ನೊಂದು ಪುಟ್ಟ ಲೆನ್ಸಿಗೆ 8,000. ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಚೀಲಕ್ಕೆ 3,000. ಉಳಿದ 4,000 ಓಡಾಟಕ್ಕೆ ಮತ್ತು ಪ್ರಿಂಟು ಹಾಕಿಸುವುದಕ್ಕೆ. ಬೆಲೆಗಳು ಏರಿಳಿಯುತ್ತವೆ, ಆದರೆ ಈ ಪಾಲುಗಳನ್ನು ನೆನಪಿಡಿ. ಬಾಡಿಗೆ ಅರ್ಧಕ್ಕಿಂತ ಹೆಚ್ಚು ಹೋಗಬಾರದು. ಮದುವೆಯ ಸೀರೆಗೇ ಎಲ್ಲ ಹಣ ಹಾಕಿ ಊಟಕ್ಕೆ ಕೈ ಬಿಗಿ ಹಿಡಿದರೆ ಬಂದವರು ಏನೆಂದಾರು?

ಹಳೆಯದನ್ನು ಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ. ಆರು ತಿಂಗಳಲ್ಲಿ ನಿಮ್ಮ ಉತ್ಸಾಹ ಇಳಿದರೆ ಕೊಂಡ ಬೆಲೆಯ ಹತ್ತಿರಕ್ಕೇ ಮಾರಬಹುದು. ಹೊಸ ಪೆಟ್ಟಿಗೆ ಒಡೆದ ಕ್ಷಣವೇ ಬೆಲೆ ಬೀಳುತ್ತದೆ. ಇದನ್ನು ಅಪ್ಪನಿಗೆ ವಿವರಿಸಿ ಹೇಳಿ, ಅರ್ಧ ಯುದ್ಧ ಗೆದ್ದಂತೆ.

ಮೆಗಾಪಿಕ್ಸೆಲ್ಲಿನ ಮೋಹವನ್ನು ಇಲ್ಲಿಯೇ ಬಿಡಿ. ಹತ್ತು ಇಂಚು ಅಗಲ, ಎಂಟು ಇಂಚು ಎತ್ತರದ ಒಳ್ಳೆಯ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ, 72 ಲಕ್ಷ ಚುಕ್ಕೆಗಳು ಸಾಕು. ಅಂದರೆ 7.2 ಮೆಗಾಪಿಕ್ಸೆಲ್. 2011ರ ಕ್ಯಾನನ್ 600ಡಿಯಲ್ಲೇ 18 ಇದೆ. ನಿಕಾನ್ ಡಿ3300, ಡಿ5300, ಕ್ಯಾನನ್ 200ಡಿ, 1500ಡಿ ಇವುಗಳಲ್ಲಿ 24 ಇದೆ. ನಿಮ್ಮ ಮನೆಯ ಗೋಡೆಗೆ ಇದು ಬೇಕಾದಷ್ಟಾಯಿತು.

ಕ್ಯಾನನ್ನೋ ನಿಕಾನ್ನೋ ಎಂಬ ಜಗಳದಲ್ಲಿ ನಾನು ಯಾರ ಪಕ್ಷವೂ ಅಲ್ಲ. ಒಂದರ ಲೆನ್ಸು ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ನಿಮ್ಮ ಅಣ್ಣನ ಬಳಿ, ಗೆಳೆಯರ ಬಳಿ, ಆಫೀಸಿನ ಸಹೋದ್ಯೋಗಿಯ ಬಳಿ ಯಾವುದಿದೆ ನೋಡಿ. ಅದನ್ನೇ ಕೊಂಡರೆ ಲೆನ್ಸನ್ನು ಎರವಲು ತರಬಹುದು. ನಾವು ಚಾಳಿನಲ್ಲಿ ಒರಳು, ಇಡ್ಲಿ ಪಾತ್ರೆ ಎರವಲು ತಂದು ಸಂಸಾರ ಮಾಡಿದವರು, ಇದರ ಬೆಲೆ ನಮಗೆ ಗೊತ್ತು.

ಆದರೂ ಕೆಲವು ಸೂಕ್ಷ್ಮಗಳನ್ನು ತಿಳಿದಿರಿ. ನಿಕಾನ್‌ನ ಡಿ3000 ಮತ್ತು ಡಿ5000 ಸಾಲಿನ ಕ್ಯಾಮರಾಗಳ ಒಳಗೆ ಲೆನ್ಸನ್ನು ತಿರುಗಿಸುವ ಮೋಟಾರು ಇಲ್ಲ. ಎಎಫ್-ಡಿ ಎಂದು ಬರೆದ ಹಳೆಯ ಲೆನ್ಸನ್ನು ಅಗ್ಗವೆಂದು ತಂದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಇವಕ್ಕೆ ಎಎಫ್-ಎಸ್ ಎಂದು ಬರೆದ ಲೆನ್ಸು ಬೇಕು. ಎಎಫ್-ಪಿ ಎಂಬ ಹೊಸ ಬಗೆಯ ಲೆನ್ಸಾದರೋ ಡಿ3200, ಡಿ5100, ಡಿ7000 ಮುಂತಾದ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಕ್ಯಾನನ್ನಿನಲ್ಲಿ ಈ ತಲೆನೋವು ಕಡಿಮೆ. ಆದರೆ ಅದರ 3000ಡಿಯಲ್ಲಿ ಲೆನ್ಸು ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಕಣ್ಣಿನ ನಂಬರಿಗೆ ತಕ್ಕಂತೆ ವ್ಯೂಫೈಂಡರನ್ನು ಹೊಂದಿಸುವ ಚಕ್ರವೂ ಅದರಲ್ಲಿಲ್ಲ. ಕನ್ನಡಕದವರು ಇದನ್ನು ಗಮನಿಸಿ. ಅದರ ಬದಲು ಹಳೆಯ 600ಡಿ ಅಥವಾ 700ಡಿ ಸಿಕ್ಕಿದರೆ ತೆಗೆದುಕೊಳ್ಳಿ. ಬ್ಯಾಟರಿಯಲ್ಲಿ ನಿಕಾನ್ ಡಿ3500 ಮುಂದು. ಕಂಪನಿಯ ಪರೀಕ್ಷೆಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ಅದು 1,550 ಚಿತ್ರ ತೆಗೆಯುತ್ತದೆ, ಕ್ಯಾನನ್ 1500ಡಿ 500.

ಇನ್ನು ಆ ಎರಡನೆಯ ಲೆನ್ಸು. ಇದರಲ್ಲೇ ಇರುವುದು ನಿಜವಾದ ಗುಟ್ಟು. ಕ್ಯಾಮರಾದ ಜೊತೆ ಬರುವ 18-55 ಲೆನ್ಸು ಹಗಲಿನಲ್ಲಿ ಒಳ್ಳೆಯ ಕೆಲಸಗಾರ. ಸಂಘದ ಹಾಲಿನಲ್ಲಿ ಯಕ್ಷಗಾನ ನಡೆದಿದೆ ಎನ್ನಿ. ಹತ್ತಿರ ಎಳೆದು 55ಕ್ಕೆ ಇಟ್ಟಾಗ ಅದರ ದ್ವಾರ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. 50 ಮಿ.ಮೀ. ಎಫ್ 1.8 ಎಂಬ ಪುಟ್ಟ ಲೆನ್ಸಿನ ದ್ವಾರ ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕನ್ನು ಬಿಡುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು, ಇದೊಂದು ವಿಚಿತ್ರ, ಅಭ್ಯಾಸ ಮಾಡಿಕೊಳ್ಳಿ. ಮೊದಲ ಲೆನ್ಸಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ಬೇಕಾದರೆ, ಎರಡನೆಯದಕ್ಕೆ ಇನ್ನೂರನೆಯ ಒಂದು ಭಾಗದ ಆಸುಪಾಸು ಸಾಕು. ಮೊದಲನೆಯದರಲ್ಲಿ ವೇಷಧಾರಿಯ ಕೈ ಹೊಗೆಯಾಗಿ ಕಾಣುತ್ತದೆ, ಎರಡನೆಯದರಲ್ಲಿ ಬೆರಳು ಬೆರಳೂ ಎಣಿಸಬಹುದು. ಒಂದು ಲಕ್ಷದ ಬಾಡಿಗೆ ಕಿಟ್ ಲೆನ್ಸು ಹಾಕಿದವನಿಗಿಂತ ಹದಿನೈದು ಸಾವಿರದ ಬಾಡಿಗೆ ಈ ಲೆನ್ಸು ಹಾಕಿದವಳು ಆ ಹಾಲಿನಲ್ಲಿ ಕಡಿಮೆಯೇನಲ್ಲ.

ಆದರೆ 50 ಮಿ.ಮೀ. ಎಲ್ಲರಿಗೂ ಸರಿಯೇ? ನಮ್ಮ ಮನೆಗಳನ್ನು ನೆನೆಯಿರಿ. ಡೊಂಬಿವಲಿ, ಕಲ್ಯಾಣದ ಹಳೆಯ ಕಟ್ಟಡಗಳ ಹಾಲು ಹತ್ತು ಅಡಿಗೆ ಹನ್ನೆರಡಡಿ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎದುರಿಗೆ ಸಿಗುವುದು ಸುಮಾರು ಮೂರು ಮೀಟರು. ಅಷ್ಟು ದೂರದಿಂದ ಕ್ಯಾನನ್ನಿನ 50 ಮಿ.ಮೀ. ಲೆನ್ಸು ನೋಡುವ ಅಗಲ ಸುಮಾರು ನಾಲ್ಕೂವರೆ ಅಡಿ. ಅಜ್ಜ ಅಜ್ಜಿ ಇಬ್ಬರೇ ಹಿಡಿಯುತ್ತಾರೆ. ನಿಕಾನ್‌ನ 35 ಮಿ.ಮೀ. ಎಫ್ 1.8 ಲೆನ್ಸಾದರೆ ಆರೂವರೆ ಅಡಿ, ಮೊಮ್ಮಕ್ಕಳೂ ಸೇರಬಹುದು. ಕ್ಯಾನನ್ನಿನ 24 ಮಿ.ಮೀ. ಎಫ್ 2.8 ಲೆನ್ಸಾದರೆ ಒಂಬತ್ತಡಿ, ಇಡೀ ಸಂಸಾರ. ಒಬ್ಬೊಬ್ಬರದೇ ಮುಖ ಮತ್ತು ರಂಗದ ಮೇಲಿನವರು ಬೇಕಾದರೆ 50, ಮನೆಯೊಳಗಿನ ಬದುಕು ಬೇಕಾದರೆ 35 ಅಥವಾ 24. ಮೊದಲೇ ಹೇಳಿದೆನಲ್ಲ, ಯಾರ ಚಿತ್ರ ಎಂಬುದು ಮೊದಲು.

ಹಳೆಯದನ್ನು ಕೊಳ್ಳುವಾಗ ತರಕಾರಿ ಕೊಂಡಂತೆ ಕೊಳ್ಳಿ, ತಿರುವಿ ನೋಡಿ, ಮುಟ್ಟಿ ನೋಡಿ. ಸಿ.ಎಸ್.ಎಂ.ಟಿ. ಸ್ಟೇಷನ್ನಿನ ಹತ್ತಿರದ ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳಿಗಾದರೂ ಹೋಗಿ, ಪರಿಚಯದವರಿಂದಲಾದರೂ ತೆಗೆದುಕೊಳ್ಳಿ. ಕಣ್ಣಾರೆ ನೋಡದೆ ಹಣ ಕಳಿಸಬೇಡಿ. ನಿಮ್ಮದೇ ಮೆಮೊರಿ ಕಾರ್ಡು ಒಯ್ಯಿರಿ. ಮೊದಲು ಲೆನ್ಸನ್ನು ಬಿಚ್ಚಿ, ಮೊಬೈಲಿನ ಟಾರ್ಚನ್ನು ಒಂದು ಕಡೆಯಿಂದ ಹಾಯಿಸಿ ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಸ್ಟು, ಫಂಗಸ್. ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಆಮೇಲೆ ಎಫ್ 16ಕ್ಕೆ ಇಟ್ಟು ಆಕಾಶದ ಅಥವಾ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆಗಳು ಸೆನ್ಸರಿನ ಮೇಲಿನ ಧೂಳು, ಒರೆಸಿದರೆ ಹೋಗುತ್ತದೆ. ಗೀರಿನಂಥ ಗೆರೆಯಿದ್ದರೆ ಬಿಟ್ಟುಬಿಡಿ.

ಶಟರು ಎಷ್ಟು ಸಲ ಬಡಿದಿದೆ ಎಂದೂ ಕೇಳಿ. ಸ್ಕೂಟರಿನ ಕಿಲೋಮೀಟರ್ ಇದ್ದಂತೆ ಅದು. ನಿಕಾನ್‌ನ ಡಿ3500ರಂಥ ಆರಂಭದ ಮಾದರಿಗಳ ಶಟರನ್ನು ಒಂದು ಲಕ್ಷ ಸಲದ ಬಾಳಿಕೆಗೆ ಪರೀಕ್ಷಿಸಿರುತ್ತಾರೆ, ಡಿ7100, ಡಿ7200 ಇವುಗಳದನ್ನು ಒಂದೂವರೆ ಲಕ್ಷಕ್ಕೆ. ನಿಕಾನ್ ಈ ಸಂಖ್ಯೆಯನ್ನು ಪ್ರತಿ ಚಿತ್ರದ ಮಾಹಿತಿಯಲ್ಲೇ ಬರೆದಿಡುತ್ತದೆ. ಕ್ಯಾನನ್ನಿನ ಸಣ್ಣ ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಇಪ್ಪತ್ತು ಮೂವತ್ತು ಸಾವಿರ ಆಗಿದ್ದರೆ ಧೈರ್ಯವಾಗಿ ಕೊಳ್ಳಿ. ಮದುವೆ ಮನೆಗಳಲ್ಲಿ ದುಡಿದ ಕ್ಯಾಮರಾವಾದರೆ ಎಂಬತ್ತು ಸಾವಿರ ದಾಟಿರಬಹುದು. ಮೂಲ ಬಿಲ್ಲು ಮತ್ತು ಚಾರ್ಜರು ಇಸಿದುಕೊಳ್ಳುವುದನ್ನು ಮರೆಯಬೇಡಿ. ಬಿಲ್ಲಿಲ್ಲದ ವಸ್ತು ಎಲ್ಲಿಂದ ಬಂತೆಂದು ಯಾರಿಗೆ ಗೊತ್ತು?

ಮನೆಗೆ ತಂದ ಮೇಲೆ ದೊಡ್ಡ ಶತ್ರು ನಮ್ಮ ಮಳೆಗಾಲ. ಠಾಣೆಯಲ್ಲಿ ಜುಲೈ ತಿಂಗಳಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ, ಲೆನ್ಸನ್ನು ಬಿಟ್ಟೀತೆ? ಕ್ಯಾಮರಾದ ಚೀಲ ಹೊರಗೆ ಒಯ್ಯಲಿಕ್ಕೆ, ಒಳಗೆ ಇಡಲಿಕ್ಕಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ, ಅಮ್ಮ ಹಪ್ಪಳ ಇಡುವಂಥದ್ದೇ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರು ಇಡಿ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಕ್ಷೇಮ. 60 ದಾಟಿದರೆ ಜೆಲ್ಲನ್ನು ಬದಲಿಸಿ. ಇದಕ್ಕಿಂತ ಒಳ್ಳೆಯ ಮದ್ದು ಎಂದರೆ ವಾರಕ್ಕೊಮ್ಮೆ ಕ್ಯಾಮರಾವನ್ನು ಬಳಸುವುದು. ಬಳಸದ ಮನೆಗೂ ಬಳಸದ ಲೆನ್ಸಿಗೂ ಬೂಸ್ಟು ಬೇಗ.

ಬಳಸುವುದು ಹೇಗೆ? ಚಕ್ರದ ಮೇಲಿನ ಹಸಿರು ಗುರುತಿನಿಂದ ಮೊದಲ ವಾರದಲ್ಲೇ ಹೊರಗೆ ಬನ್ನಿ. ಮೂರು ಸಂಗತಿಗಳಷ್ಟೇ. ದೋಸೆಯನ್ನು ನೆನೆಯಿರಿ. ಒಲೆಯ ಉರಿ ಎಷ್ಟು ಎಂಬುದು ಲೆನ್ಸಿನ ದ್ವಾರ. ಕಾವಲಿಯ ಮೇಲೆ ಎಷ್ಟು ಹೊತ್ತು ಎಂಬುದು ಶಟರು. ಉರಿ ಜೋರಾದರೆ ಹೊತ್ತು ಕಡಿಮೆ, ಉರಿ ಸಣ್ಣದಾದರೆ ಹೊತ್ತು ಹೆಚ್ಚು. ಎರಡೂ ಹೆಚ್ಚಾದರೆ ಸೀದು ಹೋಗುತ್ತದೆ, ಚಿತ್ರವಾದರೆ ಬೆಳ್ಳಗಾಗುತ್ತದೆ. ಮೂರನೆಯದು ಐಎಸ್‌ಒ. ಅದು ಅನಿರೀಕ್ಷಿತ ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿದಂತೆ. ಎಲ್ಲರಿಗೂ ಸಾಕಾಗುತ್ತದೆ, ರುಚಿ ಮಾತ್ರ ತೆಳುವಾಗುತ್ತದೆ. ಬೇಕಾದಾಗ ಬೆರೆಸಿ, ಸಂಕೋಚ ಬೇಡ. ಚಿತ್ರವೇ ಸಿಗದಿರುವುದಕ್ಕಿಂತ ತೆಳು ಸಾರು ಮೇಲು.

ಈ ಪಾಠಕ್ಕೆ ನಮ್ಮವರೇ ಆದ ಒಬ್ಬ ಗುರುಗಳನ್ನು ನೆನೆಯಬೇಕು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದು ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಕ್ಕೆ ಮೇಲಿಂದ ಇಳಿಯುವ ಬೆಳಕಿನ ಕಂಬವನ್ನು ನೋಡಿ. ಮೂರ್ತಿಯವರು ಅದನ್ನು ಮಾಡಿದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿ. ಬಿಸಿಲಿಗೆ ಬಾಡಿಗೆಯಿಲ್ಲ, ಕನ್ನಡಿ ಯಾವ ಮನೆಯಲ್ಲಿಲ್ಲ? 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2014ರಲ್ಲಿ ಅವರು ತೀರಿಕೊಂಡರು. ನಿಮ್ಮ ಮನೆಯ ಸ್ಟೀಲ್ ತಟ್ಟೆಯನ್ನೋ ಬಿಳಿ ಪಂಚೆಯನ್ನೋ ಕಿಟಕಿಯ ಎದುರು ಹಿಡಿದು, ಅದರ ಬೆಳಕನ್ನು ಅಜ್ಜಿಯ ಮುಖಕ್ಕೆ ತಿರುಗಿಸಿ ನೋಡಿ. ಮೂರ್ತಿಯವರ ಶಾಲೆಗೆ ನೀವೂ ಸೇರಿದಂತಾಯಿತು.

ಅಭ್ಯಾಸಕ್ಕೆ ನಮ್ಮ ಊರುಗಳಲ್ಲೇನು ಕೊರತೆ? ಠಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ ಸಂಜೆ ದೀಪ ಹತ್ತುವ ಹೊತ್ತು, ಡೊಂಬಿವಲಿಯ ಫಡ್ಕೆ ರೋಡಿನಲ್ಲಿ ದೀಪಾವಳಿಯ ಬೆಳಗು, ಕಲ್ಯಾಣದ ಖಾಡಿಯ ಮೇಲಿನ ದುರ್ಗಾಡಿ ಕೋಟೆ. ಕಲ್ಯಾಣ ದಾಟಿ ಮೂರನೆಯ ಸ್ಟೇಷನ್ನಿನಲ್ಲಿ ಇಳಿದರೆ 1060ರ ಶಾಸನವಿರುವ ಅಂಬರನಾಥ ದೇವಾಲಯ. ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ಅಲ್ಲಿನ ಕೆತ್ತನೆಗಳು ಎದ್ದು ನಿಲ್ಲುತ್ತವೆ, ನಡು ಮಧ್ಯಾಹ್ನ ಅವೇ ಚಪ್ಪಟೆಯಾಗುತ್ತವೆ. ಬೆಳಕಿನ ದಿಕ್ಕು ಎಂದರೇನೆಂದು ಒಂದೇ ದಿನದಲ್ಲಿ ತಿಳಿಯುತ್ತದೆ. ನವಿ ಮುಂಬಯಿಯವರಿಗೆ ಐರೋಲಿಯಿಂದ ನೆರೂಲಿನವರೆಗೆ ಚಳಿಗಾಲ, ಬೇಸಿಗೆಯಲ್ಲಿ ರಾಜಹಂಸಗಳು. ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಹಕ್ಕಿಗೆ ಉದ್ದ ಲೆನ್ಸು ಬೇಕು, ಅದು ಖರ್ಚಿನ ಬಾಬತ್ತು. ಮೊದಲ ವರ್ಷ ಹಕ್ಕಿಗಳ ಹಿಂಡನ್ನು, ಅದರ ಹಿಂದಿನ ಕಟ್ಟಡಗಳನ್ನು ಒಟ್ಟಿಗೆ ತೆಗೆಯಿರಿ. ಹತ್ತಿರ ಹೋಗಿ ಎಬ್ಬಿಸಬೇಡಿ.

ಅಮ್ಮನಂತೆ ಎರಡು ಮಾತು: ಲೋಕಲ್ಲಿನ ಬಾಗಿಲಲ್ಲಿ ನಿಂತು ಕ್ಯಾಮರಾ ಹೊರಗೆ ಚಾಚಬೇಡಿ. ಅಪರಿಚಿತರ, ಅದರಲ್ಲೂ ಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬೇಡಿ.

ಈಗ ಮೊದಲ ಪ್ರಶ್ನೆಗೆ ನನ್ನ ಉತ್ತರ. ಯಾರ ಚಿತ್ರ? ನಿಮ್ಮ ಮನೆಯ ಹಿರಿಯರದು. ಊರು ಬಿಟ್ಟು ಬಂದು ಇಲ್ಲಿ ಹೋಟೆಲಿನಲ್ಲಿ, ಗಿರಣಿಯಲ್ಲಿ, ಬ್ಯಾಂಕಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಡೊಂಬಿವಲಿಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ ತಲೆಮಾರು ಈಗ ಎಂಬತ್ತರ ಆಚೀಚೆ ಇದೆ. ಅವರು ಬಾಳಿದ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಬೀಳುತ್ತಿವೆ. ಮೊಬೈಲಿನಲ್ಲಿ ಅವರ ಸಾವಿರ ಚಿತ್ರಗಳಿವೆ ಎನ್ನುತ್ತೀರಿ. ಇವೆ, ಹುಟ್ಟುಹಬ್ಬದ ಕೇಕಿನ ಹಿಂದೆ, ಅರ್ಧ ಕಣ್ಣು ಮುಚ್ಚಿ. ಫೋನು ಬದಲಾದಾಗ ಅರ್ಧ ಹೋಗುತ್ತವೆ. ಕೊನೆಗೆ ಒಂದು ದಿನ ಪತ್ರಿಕೆಗೆ ಕೊಡಲು, ಗೋಡೆಗೆ ಹಾಕಲು ಒಂದು ಒಳ್ಳೆಯ ಚಿತ್ರಕ್ಕಾಗಿ ಮನೆಯವರೆಲ್ಲ ಹುಡುಕಾಡಿ, ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸುವುದನ್ನು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನೋಡಿಲ್ಲ?

ಆದ್ದರಿಂದ ಕ್ಯಾಮರಾ ಬಂದ ಮೊದಲ ತಿಂಗಳಲ್ಲಿ ಮೂರು ಕೆಲಸ ಮಾಡಿ. ಒಂದು, ಬೆಳಗ್ಗೆ ಎಂಟರ ಹೊತ್ತಿಗೆ ಅಜ್ಜನನ್ನೋ ಅಜ್ಜಿಯನ್ನೋ ಕಿಟಕಿಯ ಪಕ್ಕ ಕೂರಿಸಿ. ಫ್ಲಾಶ್ ಬೇಡ. ಊರಿನ ಮಾತು ತೆಗೆಯಿರಿ, ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ, ಅವರ ಮನೆಮಾತಿನಲ್ಲಿ. ನಿಮ್ಮದು ತಪ್ಪುತಪ್ಪಾಗಿದ್ದರೂ ಅಡ್ಡಿಯಿಲ್ಲ, ನಕ್ಕಾರು. ನಗುವಾಗ ಒತ್ತಿ. ಎರಡು, ಅವರ ಟ್ರಂಕಿನಲ್ಲಿರುವ ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ನೆರಳಿನಲ್ಲಿ ಕಿಟಕಿಯ ಬಳಿ ಚಪ್ಪಟೆಯಾಗಿ ಇಟ್ಟು, ನೇರ ಮೇಲಿನಿಂದ ಒಂದೊಂದನ್ನೂ ನಕಲು ತೆಗೆಯಿರಿ. ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಆಗಲೇ ಕೇಳಿ ಬರೆದಿಡಿ. ಚಿತ್ರ ಉಳಿದು ಹೆಸರು ಹೋದರೆ ಅದು ಯಾರದೋ ಮುಖ. ಮೂರು, ಹತ್ತು ಚಿತ್ರ ಆಯ್ದು ಪ್ರಿಂಟು ಹಾಕಿಸಿ. ಬಜೆಟ್ಟಿನಲ್ಲಿ ನಾನು 4,000 ಎತ್ತಿಟ್ಟದ್ದು ಇದಕ್ಕೇ.

ಇಂಗ್ಲಿಷಿನ ಫೋಟೋಗ್ರಫಿ ಗ್ರೀಕ್ ಮೂಲದ ಮಾತು, ಬೆಳಕಿನಿಂದ ಬರೆಯುವುದು ಎಂದು ಅದರ ಅರ್ಥ. ನಾವು ಛಾಯಾಚಿತ್ರ ಎಂದೆವು, ನೆರಳಿನ ಚಿತ್ರ. ಎರಡೂ ಸರಿಯೇ. ಬೆಳಕಿರುವಾಗಲೇ ಬರೆದುಕೊಂಡರೆ ಮುಂದೆ ನೆರಳಾದರೂ ಉಳಿಯುತ್ತದೆ.

ಹಬ್ಬದ ಸೇಲು ಬರಲಿ ಎಂದು ಕಾಯಬೇಡಿ. ಕ್ಯಾಮರಾದ ಬೆಲೆ ಇಳಿಯುವವರೆಗೆ ನೀವು ಕಾಯಬಹುದು, ಅಜ್ಜ ಅಜ್ಜಿಯರ ವಯಸ್ಸು ಕಾಯುವುದಿಲ್ಲ. ಈ ಭಾನುವಾರವೇ ಪರಿಚಯದವರಲ್ಲಿ ಹಳೆಯ ಕ್ಯಾಮರಾ ವಿಚಾರಿಸಿ. ಸಿಗುವ ತನಕ ಕಿಟಕಿಯ ಬೆಳಕನ್ನು ಮೊಬೈಲಿನಲ್ಲೇ ಅಭ್ಯಾಸ ಮಾಡಿ. ಮುಂದಿನ ಸಭೆಗೆ ಬರುವಾಗ ಯಾವ ಕ್ಯಾಮರಾ ಕೊಂಡಿರಿ ಎಂದು ನಾನು ಕೇಳುವುದಿಲ್ಲ. ಯಾರ ಚಿತ್ರ ತಂದಿರಿ ಎಂದು ಕೇಳುತ್ತೇನೆ. ಪ್ರಿಂಟು ಕೈಯಲ್ಲಿರಲಿ.